ಅಳಿಯಂದಿರು ಮುಟ್ಟಬಾರದ ಗಾಲಿ

ನನ್ನ ಗಂಡನಿಗೆ ಒಮ್ಮೆಯಾದರೂ ಕಾರು ಪಂಚರ್ ಆಗಲಿ ಎಂಬ ಆಸೆ ಇತ್ತು. ಹೊಟ್ಟೆಕಿಚ್ಚಿಗೆ ಹೇಳುವ ಮಾತಲ್ಲ, ಖರೆ ಸಂಗತಿ. ಬಾಗಲಕೋಟೆಯಲ್ಲಿ ಮನೆ ಕಟ್ಟಿಸಿ, ಕಾರೂ ಬಂದ ಮೇಲೆ, ಅವರು ಮೊಬೈಲಿನಲ್ಲಿ ನೋಡಿ ಒಂದು ಪಂಚರ್ ಕಿಟ್ ತರಿಸಿಕೊಂಡರು. ಅಂಗೈ ಅಗಲದ ಡಬ್ಬಿ. ಅದರೊಳಗೆ ಹಿಡಿಕೆ ಇರುವ ಎರಡು ದಬ್ಬಳ. ಒಂದಕ್ಕೆ ಮೈತುಂಬ ಹಲ್ಲು, ಇನ್ನೊಂದಕ್ಕೆ ತುದಿಯಲ್ಲಿ ಕಣ್ಣು. ಒಂದಿಷ್ಟು ಕಂದು ಬಣ್ಣದ ಜಿಗುಟು ರಬ್ಬರ್ ಎಳೆಗಳು, ಒಂದು ಗಮ್ಮಿನ ಟ್ಯೂಬು. ಕಾರಿನ ಕರೆಂಟಿನಿಂದಲೇ ನಡೆಯುವ ಸಣ್ಣ ಗಾಳಿ ಪಂಪು ಬೇರೆ.

ಅಂದಿನಿಂದ ಊಟವಾದ ಕೂಡಲೇ ಪಂಚರ್ ತೆಗೆಯುವ ವಿಡಿಯೋ. ನೋಡಿ ಸುಮ್ಮನಿದ್ದರೆ ನನ್ನದೇನೂ ತಕರಾರು ಇರಲಿಲ್ಲ. ಚಹಾಕ್ಕೆ ಬಂದವರನ್ನೆಲ್ಲ ಕೂಡಿಸಿಕೊಂಡು ಪಾಠ: "ಗಾಲಿ ಬಿಚ್ಚೂದ ಬ್ಯಾಡ, ಏನ್ ಬ್ಯಾಡ. ಮೊಳಿ ಕೀಳು, ತೂತ ಉಜ್ಜು, ಎಳಿ ತುರುಕು, ಮುಗೀತು!" ಒಂದು ದಿನ ನಾನು ಹಣ್ಣಾಗಲೆಂದು ಇಟ್ಟಿದ್ದ ಪಪ್ಪಾಯಿಗೆ ದಬ್ಬಳ ಚುಚ್ಚಿ, ಎಳೆ ತುರುಕಿ ತೋರಿಸಿದರು. ಆ ಪಪ್ಪಾಯಿಯನ್ನು ಅವರಿಗೇ ತಿನ್ನಿಸಿದೆ, ಬಿಡಲಿಲ್ಲ.

ಆದರೆ ನಮ್ಮ ಟೈರುಗಳು ಗಟ್ಟಿ ಪಿಂಡಗಳು. ಬಾದಾಮಿಗೆ ಹೋಗಿ ಬಂದೆವು, ಕೆರೂರಿನ ಸಂತೆಗೆ ಹೋಗಿ ಬಂದೆವು, ಶಿವಯೋಗ ಮಂದಿರದ ಕಡೆಯ ಕಲ್ಲುದಾರಿಯಲ್ಲಿ ಸೊಂಟ ಮುರಿಯುವಷ್ಟು ಕುಣಿದು ಬಂದೆವು. ಒಂದು ಮುಳ್ಳೂ ಚುಚ್ಚಲಿಲ್ಲ. ಮನೆಗೆ ಬಂದ ಮೇಲೆ ಇವರು ನಾಲ್ಕೂ ಗಾಲಿ ಸುತ್ತಿ ನೋಡಿ, ಮಾರಿ ಸಣ್ಣದು ಮಾಡಿಕೊಂಡು ಒಳಗೆ ಬರುತ್ತಿದ್ದರು.

ಕಡೆಗೂ ಆ ಭಾಗ್ಯ ಬಂದದ್ದು ನನ್ನ ತಂಗಿಯ ಕುಬಸದ ದಿನ.

ನಮ್ಮ ಕಡೆ ಬಸುರಿ ಹೆಣ್ಣಿಗೆ ತವರಿನವರು ಹಸಿರು ಸೀರೆ, ಹಸಿರು ಬಳೆ, ಗುಳೇದಗುಡ್ಡದ ಖಣದ ಕುಬಸ, ಅಂದರೆ ರವಿಕೆ, ತಂದು ಉಡಿಸಿ, ತೊಡಿಸಿ, ಉಡಿ ತುಂಬಬೇಕು. ಜೊತೆಗೆ ಬುಟ್ಟಿಗಟ್ಟಲೆ ಬುತ್ತಿ. ಇದನ್ನೆಲ್ಲ ತಾಯಿ ಮುಂದೆ ನಿಂತು ಮಾಡುತ್ತಾಳೆ. ನಮಗೆ ತಾಯಿ ಇಲ್ಲ. ಅವ್ವ ಹೋದಾಗ ಈ ತಂಗಿ ಇನ್ನೂ ಎರಡು ಜಡೆಯ ಹುಡುಗಿ. ಅವಳ ತಲೆ ಬಾಚಿದವಳು ನಾನು, ಜ್ವರ ಬಂದಾಗ ಪಕ್ಕದಲ್ಲಿ ಮಲಗಿದವಳು ನಾನು, ಇಳಕಲ್ಲಿಗೆ ಕೊಟ್ಟು ಕಳಿಸಿದವಳೂ ನಾನೇ. ಅವಳ ಮದುವೆಯ ಹಂದರದಲ್ಲೇ ಬೀಗತಿಯರಲ್ಲಿ ಒಬ್ಬಾಕೆ, "ಹುಡುಗಿ ಚಂದ ಅದಾಳ ಖರೆ, ತವರಿಂದ ಮಾಡಾವ್ರು ಯಾರದಾರ?" ಎಂದು ನನಗೆ ಕೇಳಿಸುವ ಹಾಗೆಯೇ ಅಂದಿದ್ದಳು. ಆ ಮಾತು ನನ್ನ ಎದೆಯಲ್ಲಿ ನೆಟ್ಟು ಕೂತಿತ್ತು. ಕುಬಸ ಮಾತ್ರ ಯಾರೂ ಬೊಟ್ಟು ಮಾಡಿ ತೋರಿಸದ ಹಾಗೆ ಮಾಡಬೇಕೆಂದು ಹಟ ಹಿಡಿದಿದ್ದೆ.

ಹಿರಿಯಳೆಂದು ಚಿಗವ್ವನನ್ನು ಕರೆಸಿಕೊಂಡೆ. ನಮ್ಮವ್ವನ ತಂಗಿ, ಎಲೆ ಅಡಿಕೆ ಸಂಚಿ ಸೊಂಟಕ್ಕೆ, ಅಧಿಕಾರ ನಾಲಿಗೆಗೆ. ಬಂದವಳೇ ಬುತ್ತಿಯ ಉಸ್ತುವಾರಿ ತೆಗೆದುಕೊಂಡಳು. ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣಿಗಾಯಿ, ಮಾದಲಿ, ಕರ್ಚಿಕಾಯಿ, ತಂಬಿಗೆ ತುಂಬ ಮಜ್ಜಿಗೆ. ಬೆಳಿಗ್ಗೆ ಕಾರಿಗೆ ಹೇರುವಾಗ ಒಂದು ಬುಟ್ಟಿ ಉಳಿಯಿತು. ಚಿಗವ್ವ ಡಿಕ್ಕಿಯೊಳಗೆ ತಲೆ ಹಾಕಿ, ತಳದಲ್ಲಿ ಮಲಗಿದ್ದ ಸ್ಟೆಪ್ನಿ ಗಾಲಿಯನ್ನು ಕಂಡಳು.

"ಇದ್ಯಾಕ ಇಲ್ಲಿ?"

"ಪಂಚರ್ ಆದ್ರ ಬೇಕಲ್ರಿ ಅತ್ತೆರ" ಎಂದರು ನನ್ನ ಗಂಡ.

"ಬೀಗರಿಗೆ ಗಾಲಿ ಬಡಸ್ತೀರೇನ್ರಿ ಅಳ್ಯಾರ? ರೊಟ್ಟಿ ಒಯ್ಯೂನು!"

ಇವರು ವಾದ ಮಾಡಬಹುದಿತ್ತು. ಮಾಡಲಿಲ್ಲ. ಸ್ಟೆಪ್ನಿಯನ್ನು ಕಟ್ಟೆಯ ಮೇಲಿಟ್ಟು ಬರುವಾಗ ಅವರ ಮುಖದಲ್ಲಿ ಒಂದು ಸಣ್ಣ ನಗು ಇತ್ತು. ಕಿಟ್ ಇದೆಯಲ್ಲ! ಹೀಗೆ ನಮ್ಮ ಐದನೇ ಗಾಲಿಯ ಜಾಗದಲ್ಲಿ ಸಜ್ಜಿ ರೊಟ್ಟಿ ಪ್ರಯಾಣ ಬೆಳೆಸಿತು.

ಅಮೀನಗಡ ದಾಟಿ ಹುನಗುಂದದ ಕಡೆ ಹೋಗುತ್ತಿದ್ದೆವು. ಕಾರು ಎಡಕ್ಕೆ ಎಳೆಯತೊಡಗಿತು. ಇಳಿದು ನೋಡಿದರೆ ಹಿಂದಿನ ಎಡಗಾಲಿ ಅರ್ಧ ಕೂತಿದೆ, ನಡುವೆ ಮೊಳೆಯೊಂದರ ತಲೆ ಮಿರಮಿರ ಹೊಳೆಯುತ್ತಿದೆ, ಅದರ ಸುತ್ತ ಸುಸ್ಸ್ ಅನ್ನುತ್ತಿದೆ. ಇವರು ಆ ಮೊಳೆಯನ್ನು ನೋಡಿದ ಪರಿಯಲ್ಲಿ ನನ್ನನ್ನು ಹೆಣ್ಣು ನೋಡಲು ಬಂದಾಗಲೂ ನೋಡಿರಲಿಲ್ಲ.

"ಬಂತು ನೋಡು!" ಎಂದರು. ಬಂದವರು ಬೀಗರೇನೋ ಎಂಬಂತೆ!

ಅಷ್ಟರಲ್ಲಿ ತಂಗಿಯ ಫೋನು. ಧ್ವನಿ ಸಣ್ಣಗಿತ್ತು, ಬಾಗಿಲ ಹಿಂದೆ ನಿಂತು ಮಾತಾಡುತ್ತಿದ್ದಳೆಂದು ಕಾಣುತ್ತದೆ. "ಅಕ್ಕಾ, ಎಲ್ಲಿದ್ದೀರಿ? ಹನ್ನೆರಡರೊಳಗ ಉಡಿ ತುಂಬಬೇಕಂತ. ನೀವು ಬರಲಿಲ್ಲಂದ್ರ ನಮ್ಮ ನಾದಿನಿ ಉಡಸ್ತಾಳಂತ, ಅಂಗಡಿ ಸೀರಿ ತಂದು ಇಟ್ಟಾರ. ನಾ ಒಲ್ಲೆ ಅಂದೇನಿ. ಆದ್ರ ಎಷ್ಟೊತ್ತು ಒಲ್ಲೆ ಅನ್ನಲಿ?"

"ಹುನಗುಂದ ದಾಟೀವಿ ಯವ್ವಾ, ಇನ್ನೇನ್ ಬಂದ್ವಿ" ಎಂದೆ. ಹುನಗುಂದ ಇನ್ನೂ ಎಲ್ಲೋ ಇತ್ತು. ಗಂಡ ನನ್ನ ಕಡೆ ಕಣ್ಣರಳಿಸಿ ನೋಡಿದರು. ನೋಡಲಿ. ಫೋನು ಇಟ್ಟೆ. ಆ ಹುಡುಗಿ ಅಷ್ಟು ಹೆಂಗಸರ ನಡುವೆ ಒಬ್ಬಳೇ ಒಲ್ಲೆ ಒಲ್ಲೆ ಅನ್ನುತ್ತ ನಿಂತಿದ್ದಾಳೆ, ನಾನಿಲ್ಲಿ ಜಾಲಿ ಗಿಡದ ಕೆಳಗೆ.

ಇವರು ಡಬ್ಬಿ ತೆರೆದು, ತೋಳು ಏರಿಸಿ, ಗಾಲಿಯ ಮುಂದೆ ಕೂರಲು ಹೋದರು. ಚಿಗವ್ವ ಅಡ್ಡ ಬಂದು ನಿಂತಳು.

"ಅಳ್ಯಾರ, ಏನ್ ಮಾಡಾಕತ್ತೀರಿ?"

"ಪಂಚರ್ ತಗೀತೇನ್ರಿ."

"ಅಯ್ಯ ಶಿವನ! ಅಳ್ಯಾರ ಕೈಗೆ ಮಸಿ ಹತ್ತಿಸಿ ಕುಬಸಕ್ಕ ಕರಕೊಂಡ ಹೋಗ್ಲ್ಯಾ? ಬೀಗರು ಮಾರಿಗೆ ಉಗುಳ್ತಾರ. ಏಳ್ರಿ ಮೊದ್ಲ!"

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಮನೆತನದಲ್ಲಿ ಅಳಿಯ ಕುಡಿದ ನೀರಿನ ಲೋಟವನ್ನೂ ತಾನು ಎತ್ತಿಡಬಾರದು. ನಮ್ಮ ಮದುವೆಯಾಗಿ ಮಕ್ಕಳು ಕಾಲೇಜು ಸೇರಿದರೂ ಚಿಗವ್ವನ ಲೆಕ್ಕದಲ್ಲಿ ಇವರು ನಿನ್ನೆ ಅಕ್ಷತೆ ಬಿದ್ದ ಹೊಸ ಅಳಿಯ. ಅದರ ಮೇಲೆ ಅವಳೇ ಕೊಟ್ಟ ಬಿಳಿ ಧೋತರ ಉಟ್ಟಿದ್ದರು.

"ಅತ್ತೆರ, ಇದಕ್ಕಂತ ನಾ ಎಷ್ಟು ದಿನದಿಂದ..." ಎಂದು ಇವರು ಗೋಗರೆದರು. ದನಿ ಅಳುವ ಹಾಗೇ ಇತ್ತು.

"ನೀವು ಮುಟ್ಟಿದ್ರ ನಾ ಇಲ್ಲೇ ಕುಂಡ್ರತೇನಿ. ಇಳಕಲ್ಲಿಗೆ ನೀವ ಹೋಗ್ರಿ."

ಕೂತರೆ ಏಳುವವಳಲ್ಲ. ವಾದಕ್ಕೆ ಹೊತ್ತಿಲ್ಲ. ನಾನು ಸೆರಗು ಸಿಗಿಸಿ ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕೂತೆ. "ನೀವು ಹೇಳ್ರಿ, ನಾ ಮಾಡ್ತೇನಿ" ಎಂದೆ. ಸುಳ್ಳೇಕೆ, ಗಾಬರಿಯ ನಡುವೆಯೂ ಒಳಗೊಳಗೇ ಖುಷಿಯಾಯಿತು. ಪಪ್ಪಾಯಿಯ ಸೇಡು ಹೀಗೆ ತೀರುತ್ತದೆಂದು ಯಾರಿಗೆ ಗೊತ್ತಿತ್ತು?

ಮೊಳೆ ಕೀಳಲು ಪಕ್ಕಡ ಬೇಕು. ಕಿಟ್‌ನಲ್ಲಿ ಇರಲಿಲ್ಲ. ಇಷ್ಟು ವಿಡಿಯೋ ನೋಡಿದವರಿಗೆ ಪಕ್ಕಡ ನೆನಪಾಗಿರಲಿಲ್ಲ! ಚಿಗವ್ವ ಸಂಚಿಯಿಂದ ಅಡಿಕೆ ಕತ್ತರಿಸುವ ಅಡಕೊತ್ತು ತೆಗೆದು ನನ್ನ ಕೈಗಿಟ್ಟಳು. ಅದರ ಬಾಯಲ್ಲಿ ಮೊಳೆಯ ತಲೆ ಹಿಡಿದು ಅತ್ತಿತ್ತ ಅಲ್ಲಾಡಿಸಿದೆ. ಬರಲೊಲ್ಲದು. ಚಿಗವ್ವ ನನ್ನ ಸೊಂಟ ಹಿಡಿದು ಹಿಂದಕ್ಕೆ ಎಳೆದಳು. ಮೊಳೆ ಕಿತ್ತು ಬಂತು, ನಾವಿಬ್ಬರೂ ಹಿಂದಕ್ಕೆ ಬಿದ್ದೆವು, ಗಾಳಿ ಭುಸ್ಸೆಂದು ಹೊರಟಿತು.

"ಹಲ್ಲಿಂದು, ಹಲ್ಲಿನ ದಬ್ಬಳ! ತೂತಿನಾಗ ಹಾಕಿ ತಿರುವು! ಬರೇ ಒತ್ತಬ್ಯಾಡ, ತಿರುವು!" ಗಂಡ ಧೋತರದ ಚುಂಗು ಎತ್ತಿ ಹಿಡಿದು ನನ್ನ ತಲೆಯ ಮೇಲೆ ಕುಣಿಯುತ್ತಿದ್ದರು.

ತಿರುವಿದೆ. ರಟ್ಟೆ ಬಿದ್ದುಹೋಗುವ ಹಾಗೆ ತಿರುವಿದೆ. ರೊಟ್ಟಿ ಬಡಿದ ಕೈ ಅಂತ ನಡೆಯಿತು, ಇಲ್ಲದಿದ್ದರೆ ನಡೆಯುತ್ತಿರಲಿಲ್ಲ. ಆಮೇಲೆ ಇನ್ನೊಂದು ದಬ್ಬಳದ ಕಣ್ಣಿನಲ್ಲಿ ರಬ್ಬರ್ ಎಳೆ ಪೋಣಿಸಿ ಗಮ್ ಹಚ್ಚಬೇಕು. ಬಾಗಲಕೋಟೆಯ ಬಿಸಿಲಿನಲ್ಲಿ ವರ್ಷಗಟ್ಟಲೆ ಬೆಂದ ಟ್ಯೂಬು ಬಾಯಿ ಬಿಡಲಿಲ್ಲ. ಜೋರಾಗಿ ಹಿಚುಕಿದೆ. ಬಾಯಿಯ ಬದಲು ಹಿಂದಿನಿಂದ ಒಡೆದು ನನ್ನ ಎರಡೂ ಅಂಗೈಗೆ ಬಳಿದುಕೊಂಡಿತು. ಆ ಕೈಯಲ್ಲೇ ಟೈರು ಹಿಡಿದೆ. ಮಣ್ಣು, ಮಸಿ, ರಬ್ಬರ್ ಹುಡಿ ಎಲ್ಲ ಗಮ್ಮಿಗೆ ಮೆತ್ತಿ ಎರಡೂ ಕೈ ಹಂಚಿನ ತಳದಂತಾದವು.

ಎಳೆಯನ್ನು ತುರುಕಿ ಮೆಲ್ಲಗೆ ದಬ್ಬಳ ಎಳೆದರೆ ಎಳೆಯೂ ಜೊತೆಗೇ ಹೊರಗೆ ಬಂತು.

"ಝಟ್ಟನ ಎಳೀಬೇಕು ಅಂತ ನೂರ್ ಸಲ ಹೇಳೇನಿ!"

"ಪಪ್ಪಾಯಿಗೆ ಹೇಳೀರಿ, ನನಗಲ್ಲ!"

ಕುರಿ ಹಿಂಡು ಹೊಡೆದುಕೊಂಡು ಹೊರಟಿದ್ದ ಒಬ್ಬ ಹಿರಿಯ ಕೋಲಿನ ಮೇಲೆ ಗದ್ದ ಊರಿ ಇದನ್ನೆಲ್ಲ ನೋಡುತ್ತ ನಿಂತಿದ್ದ. ಒಬ್ಬಳು ಕಾಲು ಅಗಲಿಸಿ ಕೂತು ತಿಣುಕುತ್ತಿದ್ದಾಳೆ, ಒಬ್ಬ ಮುದುಕಿ ಬೆನ್ನು ಹಿಡಿದಿದ್ದಾಳೆ, ಗಂಡಸು ಬೆವರುತ್ತ ಸುತ್ತುತ್ತಿದ್ದಾನೆ. "ಯವ್ವಾ, ಗಂಡೋ ಹೆಣ್ಣೋ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ನಗುತ್ತ ಕುರಿಗಳ ಹಿಂದೆ ಹೋದ. ನನಗೂ ನಗು ಬಂತು. ನಗುತ್ತಲೇ ಎರಡನೇ ಎಳೆ ತುರುಕಿ, ಝಟ್ಟನೆ ಎಳೆದೆ. ದಬ್ಬಳ ಬಂತು, ಎಳೆ ಒಳಗೇ ಉಳಿಯಿತು. ಹೊರಗೆ ಉಳಿದ ಜುಟ್ಟನ್ನು ಚಿಗವ್ವ ಅಡಕೊತ್ತಿನಲ್ಲಿ ಕಚಕ್ಕನೆ ಕತ್ತರಿಸಿದಳು.

ಇನ್ನು ಗಾಳಿ. ಇವರು ಪಂಪು ಅವುಚಿಕೊಂಡು ಚಿಗವ್ವನ ಮುಖ ನೋಡುತ್ತ ನಿಂತರು. ಅವಳಿಗೂ ಕರುಳು ಅನ್ನುವುದು ಇದೆ. "ಗುಂಡಿ ಒತ್ರಿ. ಅದರಾಗೇನ್ ಮಸಿ ಇಲ್ಲ" ಎಂದಳು. ಗಂಡ ಗುಂಡಿ ಒತ್ತಿದರು. ಗಾಲಿ ಎದ್ದು ನಿಂತಿತು. ಸೋರುತ್ತದೋ ನೋಡಲು ಸೋಪಿನ ನೀರು ಬೇಕೆಂದು ಇವರು ಹೇಳುವಷ್ಟರಲ್ಲಿ ಚಿಗವ್ವ ತಂಬಿಗೆಯ ಮಜ್ಜಿಗೆಯನ್ನೇ ಸುರಿದಳು. ಒಂದು ಗುಳ್ಳೆಯೂ ಏಳಲಿಲ್ಲ.

ಬಾಟಲಿಯ ನೀರನ್ನೆಲ್ಲ ಸುರಿದು ಕೈ ಉಜ್ಜಿದೆ. ಮಣ್ಣು ಹೋಯಿತು, ಕಪ್ಪು ಹೋಗಲಿಲ್ಲ. ಇಳಕಲ್ ತನಕ ಗಾಳಿಗೆ ಕೈ ಹಿಡಿದು ಕೂತೆ. ಒಣಗುವ ಬದಲು ಬೆವರಿಗೆ ಇನ್ನಷ್ಟು ಜಿಗುಟಾಯಿತು, ಅಷ್ಟೇ.

ಬೀಗರ ಪಡಸಾಲೆ ತುಂಬ ಹೆಂಗಸರು. ನಾದಿನಿ ಅಂಗಡಿಯ ಸೀರೆಯ ಮಡಿಕೆ ಬಿಚ್ಚಿ ಹಿಡಿದಿದ್ದಳು. ತಂಗಿ ಗೋಡೆಗೆ ಬೆನ್ನು ಕೊಟ್ಟು, ಹೊಟ್ಟೆಯ ಮೇಲೆ ಕೈಕಟ್ಟಿ ನಿಂತಿದ್ದಳು. ನನ್ನನ್ನು ಕಂಡದ್ದೇ ಗೋಡೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು. ನಾನು ಹಸಿರು ಸೀರೆಯ ಗಂಟನ್ನು ಮುಂದೆ ಹಿಡಿದೆ. ಅವಳ ಅತ್ತೆ ನನ್ನ ಕೈ ನೋಡಿದಳು.

"ಅಯ್ಯ, ಇವೇನ್ರಿ ಕೈ! ಹೋಗಿ ತೊಳ್ಕೊಂಡ ಬರ್ರಿ. ಹೊತ್ತ ಮೀರತೈತಿ, ಅಲ್ಲೀತನ ನಮ್ಮ ಮಗಳು ಉಡಸ್ತಾಳ."

ತೊಳೆದರೆ ಹೋಗುವ ಕಪ್ಪಲ್ಲ ಅದು. ಮುಗಿಯಿತು, ಬಂದೂ ಬಾರದವಳಂತಾದೆ ಅಂದುಕೊಂಡೆ. ಕಣ್ಣಿಗೆ ನೀರು ಬಂತು. ಆಗ ಹಿಂದಿನಿಂದ ಚಿಗವ್ವ, ಮಠದ ಸ್ವಾಮಿಗಳು ಅಪ್ಪಣೆ ಕೊಡಿಸುವ ಗತ್ತಿನಲ್ಲಿ ಬಾಯಿ ತೆರೆದಳು.

"ತೊಳಿಯೂ ಹಂಗಿಲ್ರಿ. ನಮ್ಮ ಮನಿತನದಾಗ ತವರಿನ ಹಿರೇಹೆಣಮಗಳು ಕೈಗೆ ಕಪ್ಪ ಹಚ್ಕೊಂಡ ಕುಬಸ ತೊಡಸಬೇಕು. ಬಸುರಿಗೆ ದೃಷ್ಟಿ ತಾಗಬಾರದಂತ. ಯಾಕ, ನಿಮ್ಮಲ್ಲಿ ಈ ಪದ್ಧತಿ ಇಲ್ಲೇನು?"

ಇಲ್ಲ ಅಂದರೆ ಬೀಗರ ಮನೆತನವೇ ಸಣ್ಣದಾಗುತ್ತದೆ. ಬೀಗತಿ ಒಂದು ಗಳಿಗೆ ಚಿಗವ್ವನ ಮುಖ ನೋಡಿ, "ಐತ್ರಿ, ಯಾಕಿಲ್ಲ! ಈಗಿನವ್ರು ಬಿಟ್ಟಾರಷ್ಟ" ಎಂದಳು. ಹೌದೌದು ಎಂದು ನಾಲ್ಕು ತಲೆ ಅಲ್ಲಾಡಿದವು. ಒಬ್ಬಾಕೆ ತನ್ನ ಮೊಮ್ಮಗಳ ಕೆನ್ನೆಯನ್ನು ನನ್ನ ಮುಂದೆ ಹಿಡಿದು, "ಇದಕ್ಕೂ ಒಂದ ಬೊಟ್ಟ ಇಡ್ರಿ, ಭಾಳ ದೃಷ್ಟಿ ಆಗತೈತಿ" ಅಂದಳು. ಇಟ್ಟೆ. ಆ ಕೂಸಿನ ಕೆನ್ನೆಯಿಂದ ಅದು ಎಂದು ಹೋಯಿತೋ ಶಿವನೇ ಬಲ್ಲ. ನನ್ನ ಗಂಡ ಬಾಗಿಲಲ್ಲಿ ನಿಂತು ಕೆಮ್ಮಿದರು.

ಒಳಗಿನ ಕೋಣೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ತಂಗಿಗೆ ಸೀರೆ ಉಡಿಸಿದೆ, ಕುಬಸ ತೊಡಿಸಿದೆ. ಹಸಿರು ಖಣದ ಮೇಲೆ ನಾನು ಮುಟ್ಟಿದಲ್ಲೆಲ್ಲ ಬೆರಳ ಗುರುತು.

"ಅಕ್ಕಾ, ಖರೆ ಹೇಳು. ಏನದು?"

"ಗಾಲಿ ಮಸಿ. ದಾರ್‍ಯಾಗ ಪಂಚರ್ ಆತು, ನಾನ ತಗದೆ."

"ನೀನ? ಮಾವ ಏನ್ ಮಾಡಿದ್ರು?"

"ಗುಂಡಿ ಒತ್ತಿದ್ರು."

ಅವಳು ಬಾಯಿಗೆ ಸೆರಗು ತುರುಕಿಕೊಂಡು ನಕ್ಕಳು. ನಗು ತಡೆಯಲಾರದೆ ನನ್ನ ಹೆಗಲಿಗೆ ಒರಗಿದಳು, ಒರಗಿದವಳು ಅತ್ತಳು. ನಾನೂ ಅತ್ತೆ. "ಹೊಸಾ ಖಣ ಎಲ್ಲಾ ಹೊಲಸ ಮಾಡಿಬಿಟ್ನಲ್ಲ ಯವ್ವಾ" ಎಂದೆ.

ಅವಳು ಕಣ್ಣೊರೆಸಿಕೊಂಡು ನನ್ನ ಕೈಯನ್ನು ಹಿಡಿದು, ಸೆರಗು ಸರಿಸಿ, ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು.

"ಇಲ್ಲೂ ಒಂದ ಒತ್ತಕ್ಕಾ. ತವರಿಂದ ಬಂದಾರಂತ ಇದಕ್ಕೂ ಗೊತ್ತಾಗ್ಲಿ."

ಒತ್ತಿದೆ. ಒಳಗಿನಿಂದ ಒಂದು ಒದೆ ಬಿತ್ತು.