ಮೈಗೆ ಹಂಡೆ ನೀರು, ಬಾಯಿಗೆ ಹನಿಯಿಲ್ಲ

ಹೆರಿಗೆಯಾದ ಐದನೆಯ ದಿನ ಬೆಳಿಗ್ಗೆ ನನಗೆ ಚಳಿ ಹತ್ತಿತು.

ಹೊರಸಿನ ಕೆಳಗೆ ಶೇಗಡಿಯಲ್ಲಿ ಕೆಂಡವಿತ್ತು. ಮೈಮೇಲೆ ಎರಡು ಕೌದಿ. ತಲೆ, ಕಿವಿ ಸೇರಿಸಿ ಬಿಗಿದ ಅರಿವೆ. ಕೋಣೆಗೆ ಕಿಟಕಿಯಿಲ್ಲ, ಬಾಗಿಲು ಮುಚ್ಚಿದೆ, ಹೊರಗೆ ಬೇಸಿಗೆಯ ಬಿಸಿಲು. ಇಷ್ಟಾದರೂ ನನ್ನ ಹಲ್ಲು ಕಟಕಟ ಎನ್ನುತ್ತಿದ್ದವು. ಮೂತ್ರಕ್ಕೆ ಹೋದರೆ ಉರಿ. ಬೆನ್ನಿನ ಬಲಗಡೆ, ಪಕ್ಕೆಲುಬಿನ ಕೆಳಗೆ, ಬೆರಳಿಟ್ಟರೆ ಜೀವ ಹೋದಂತಾಗುತ್ತಿತ್ತು.

ಯೂರಿನರಿ ಇನ್‌ಫೆಕ್ಷನ್ ಎಂದು ತಿಳಿಯಲು ಎರಡು ನಿಮಿಷ ಸಾಕಾಯಿತು. ನಾನು ನರ್ಸು. ಹುಬ್ಬಳ್ಳಿಯಲ್ಲಿ ಟ್ರೇನಿಂಗ್ ಮುಗಿಸಿ, ಬಾಗೇವಾಡಿ ತಾಲ್ಲೂಕಿನ ಒಂದು ಆರೋಗ್ಯ ಕೇಂದ್ರದಲ್ಲಿ ಎರಡು ವರ್ಷದಿಂದ ಬಸುರಿ ಬಾಣಂತಿಯರನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದೇನೆ. ಈ ಕಾಯಿಲೆಗೆ ಮೊದಲ ಔಷಧ ಏನೆಂದು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲೆ.

"ಅವ್ವಾ, ಒಂದು ಚರಗಿ ನೀರು ಕೊಡು" ಎಂದೆ.

ಅವ್ವ ಕೂಸಿನ ಅರಿವೆ ಮಡಚುತ್ತಿದ್ದಳು. ಕೈ ಹಾಗೇ ನಿಂತಿತು. "ಬಾಣಂತಿಗಿ ನೀರಾ? ಬಾಯಾಗ ಏನ್ ಮಾತು ತರಾಕತ್ತಿ?" ಎಂದಳು.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನನ್ನ ಪೆಟ್ಟಿಗೆಯಲ್ಲಿ ಸರಕಾರ ಕೊಟ್ಟ ಚಿತ್ರಪಟ ಒಂದಿದೆ. ಅದರಲ್ಲಿ ದುಂಡು ಮುಖದ ಬಾಣಂತಿಯೊಬ್ಬಳು ಗಟಗಟ ನೀರು ಕುಡಿಯುತ್ತಾಳೆ. ಹೂವಿನ ಹಿಪ್ಪರಗಿಯ ಆಚೀಚಿನ ಹಳ್ಳಿಗಳಲ್ಲಿ ಅದನ್ನು ಎಷ್ಟು ಕಟ್ಟೆಗಳ ಮೇಲೆ ಬಿಚ್ಚಿದ್ದೇನೋ ಲೆಕ್ಕವಿಲ್ಲ. ನೀರು ಕುಡಿದರೆ ಹೊಟ್ಟೆ ಬರುವುದಿಲ್ಲ, ನಂಜಾಗುವುದಿಲ್ಲ, ಹಾಲು ಹೆಚ್ಚುತ್ತದೆ ಎಂದು ಗಂಟಲು ಹರಿದುಕೊಂಡಿದ್ದೇನೆ. ಹೆಂಗಸರು "ಹೂಂ ರಿ ಬಾಯಾರ" ಎಂದು ತಲೆಯಾಡಿಸಿ, ಮನೆಗೆ ಹೋಗಿ, ತಮ್ಮ ಅಜ್ಜಿ ಮಾಡಿದ್ದನ್ನೇ ಮಾಡುತ್ತಿದ್ದರು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು ಎಂದು ಗೊಣಗುತ್ತ ಬಸ್ಸು ಹತ್ತುತ್ತಿದ್ದೆ. ನನ್ನ ಪಟವನ್ನು ನನ್ನ ತವರಿನಲ್ಲಿ ಬಿಚ್ಚಬೇಕೆಂದು ಒಂದು ದಿನವೂ ಹೊಳೆದಿರಲಿಲ್ಲ.

ವಿಜಾಪುರದ ಆಸ್ಪತ್ರೆಯಲ್ಲಿ ಹಡೆಯಬೇಕೆಂದು ನನ್ನ ಆಸೆ. ಆದರೆ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಇಂಡಿಯಲ್ಲಿ ಸಾಲೆ ಮಾಸ್ತರನಾಗಿರುವ ನನ್ನ ಗಂಡನ ಮನೆಯವರದೂ ಅದೇ ಮಾತು. ಸಿಂದಗಿಯಿಂದ ಮೂರು ಹರದಾರಿ ದೂರದ ನಮ್ಮೂರಿಗೆ ಬಂದು, ಇಲ್ಲಿಂದ ವಿಜಾಪುರಕ್ಕೆ ಹೋದರಾಯಿತೆಂದು ನಾನು ಒಳಗೊಳಗೇ ಲೆಕ್ಕ ಹಾಕಿದ್ದೆ. ನೋವು ಹದಿನೈದು ದಿನ ಮೊದಲೇ ಬಂತು. ಊರಿನ ಸೂಲಗಿತ್ತಿ ಹುಸೇನಬಿ ಬಂದಳು. ನಾನು ನೋವಿನಲ್ಲೇ ಕೂಗಿ ಕೂಗಿ ಅವಳ ಕೈಯನ್ನು ಮೂರು ಸಲ ಸಾಬೂನಿನಿಂದ ತೊಳೆಸಿದೆ, ಬ್ಲೇಡು ದಾರ ಕುದಿಯಲು ಹಾಕಿಸಿದೆ. "ನಿನ್ನ ಹೆರಿಗಿಗಿಂತ ನನ್ನ ಕೈ ತೊಳಿಯೂದಽ ದೊಡ್ಡದಾತಲ್ಲವ್ವಾ" ಎಂದು ಬೈದಳು. ಆದರೆ ತೊಳೆದಳು. ಹೆಣ್ಣು ಕೂಸು, ಸುಖ ಪ್ರಸವ. ಗೆದ್ದೆ ಎಂದುಕೊಂಡೆ.

ನೀರಿನ ವಿಷಯದಲ್ಲಿ ಮಾತ್ರ ಹುಸೇನಬಿಯೂ ಅವ್ವನ ಕಡೆಯವಳೇ. ದಿನಕ್ಕೆ ಒಂದು ಸಣ್ಣ ವಾಟಿಯಷ್ಟು ಶುಂಠಿ, ಮೆಣಸು, ಓಂಕಾಳಿನ ಕಷಾಯ. ಅದೂ ಗಂಟಲು ಸುಡುವಷ್ಟು ಖಾರ. ಮತ್ತೆ ಅಂಟಿನುಂಡೆ, ತುಪ್ಪ, ಒಣಕೊಬ್ಬರಿ. ಜ್ವರದ ಬಾಯಿಗೆ ಅಂಟಿನುಂಡೆ ಎಂದರೆ ಏನೆಂದು ತಿಂದವರಿಗೇ ಗೊತ್ತು.

ಇನ್ನೂ ತಮಾಷೆ ಎಂದರೆ ಸ್ನಾನ. ದಿನಾ ಬೆಳಿಗ್ಗೆ ಬಚ್ಚಲಲ್ಲಿ ಕೂರಿಸಿ, ದೊಡ್ಡ ಹಂಡೆಯಲ್ಲಿ ಕಾಯಿಸಿದ ನೀರನ್ನು ಹುಸೇನಬಿ ತಂಬಿಗೆ ತಂಬಿಗೆಯಾಗಿ ಬೀಸಿ ಎರೆಯುತ್ತಿದ್ದಳು. ಮೈಗೆ ಹಂಡೆಗಟ್ಟಲೆ ನೀರು, ಬಾಯಿಗೆ ಹನಿಯಿಲ್ಲ. ಆರನೆಯ ದಿನ ನಾನು ತಲೆ ಮೇಲೆತ್ತಿ ಬಾಯಿ ತೆರೆದೆ. ಎರಡು ಗುಟುಕು ಇಳಿಯಿತು. ಸೀಗೆಕಾಯಿ, ಎಣ್ಣೆ ಎಲ್ಲ ಸೇರಿದ ಸುಡುನೀರು. ಅಷ್ಟು ರುಚಿಯಾದದ್ದನ್ನು ನಾನು ಹುಟ್ಟಿದಾಗಿನಿಂದ ಕುಡಿದಿಲ್ಲ. ಹುಸೇನಬಿ ನೋಡಿಬಿಟ್ಟಳು.

"ಯಕ್ಕಾ, ಬರ್ರಿ ಇಲ್ಲಿ! ಸರೂ ಬಚ್ಚಲ ನೀರು ಕುಡ್ಯಾಕತ್ತಾಳ!"

ಅವ್ವ ಓಡಿ ಬಂದಳು. ನನ್ನ ಬಾಯಿ ಒರೆಸಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಸೇನಬಿ ದನಿ ತಗ್ಗಿಸಿ ಒಂದೇ ಮಾತು ಹೇಳಿದಳು.

"ಸನ್ನಿ."

ಜ್ವರ ತಲೆಗೇರಿ ಬಾಣಂತಿಯ ಬುದ್ಧಿ ಕೆಟ್ಟರೆ ಅದಕ್ಕೆ ನಮ್ಮ ಕಡೆ ಸನ್ನಿ ಎನ್ನುತ್ತಾರೆ. ಅದರ ಮೊದಲ ಗುರುತು ನೀರು ನೀರು ಎಂದು ಹಲುಬುವುದು. ಎರಡನೆಯ ಗುರುತು ಹಿರಿಯರಿಗೆ ಎದುರಾಡುವುದು. ನಾನು ಎರಡನ್ನೂ ಮನಸಾರೆ ಮಾಡುತ್ತಿದ್ದೆ. ಕಿಡ್ನಿ, ಬ್ಯಾಕ್ಟೀರಿಯಾ, ಡಿಹೈಡ್ರೇಶನ್ ಎಂದು ವಿವರಿಸಿದಷ್ಟೂ ಅವರಿಗೆ ಖಾತ್ರಿಯಾಗುತ್ತ ಹೋಯಿತು. "ಇಂಗ್ಲೀಷ ಬಡಬಡಿಸಾಕತ್ತಾಳ್ರಿ" ಎಂದು ಅವ್ವ ನೆರೆಮನೆಯವರ ಮುಂದೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಣೆಗೆ ವಿಭೂತಿ ಬಂತು. ಹೊರಸಿನ ಕೆಳಗೆ ಕೆಂಡ ಹೆಚ್ಚಾಯಿತು. ಸಿಟ್ಟು ಬಂದರೆ ಸನ್ನಿ, ಅತ್ತರೆ ಸನ್ನಿ, ಸುಮ್ಮನಿದ್ದರೆ "ಈಗ ಒಂದೀಟು ಇಳದೈತಿ" ಎನ್ನುವ ಸಮಾಧಾನ. ಓದಿದ ವಿದ್ಯೆಯೇ ರೋಗದ ಲಕ್ಷಣವಾದ ಮೇಲೆ ಮನುಷ್ಯರು ಏನು ಮಾಡಬೇಕು?

ಸುದ್ದಿ ಕೇಳಿ ಗಂಡ ಇಂಡಿಯಿಂದ ಬಂದ. ಬಾಣಂತಿ ಕೋಣೆಗೆ ಗಂಡಸರು ಬರುವಂತಿಲ್ಲ. ಹೊಸ್ತಿಲಾಚೆ ನಿಂತು, "ಅತ್ತಿಯವರು ಹೇಳಿದಂಗ ಕೇಳು ಸರೋಜಾ, ಅವರು ನಾಕು ಮಕ್ಕಳನ್ನ ಹಡದವರು" ಎಂದ. ಕೈಗೆ ಸಿಕ್ಕ ವಾಟಿಯನ್ನು ಬೀಸಿ ಒಗೆದೆ. ಬಾಗಿಲಿಗೆ ಬಡಿಯಿತು. ಅದರಿಂದ ಒಂದು ಒಳ್ಳೆಯದಾಯಿತು. ಹೆದರಿದ ಅವನು ಬಾಡಿಗೆ ಸೈಕಲ್ ಹತ್ತಿ ಸಿಂದಗಿಗೆ ಹೋಗಿ ಡಾಕ್ಟರನ್ನು ಕರೆತಂದ.

ಡಾಕ್ಟರ್ ವಸಂತ ನನಗೆ ಪರಿಚಿತರೇ. ನಾನು ಟ್ರೇನಿಂಗಿನಲ್ಲಿದ್ದಾಗ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹೊಸ ಡಾಕ್ಟರಾಗಿದ್ದರು. ನನಗಿಂತ ಮೂರು ವರ್ಷ ದೊಡ್ಡವರು. ಗಂಡಸಾದರೂ ಡಾಕ್ಟರೆಂದು ಅವ್ವ ಒಳಗೆ ಬಿಟ್ಟಳು. ನಾಡಿ ನೋಡಿದರು, ಬೆನ್ನು ಮುಟ್ಟಿದರು. ನೀವು ಹೇಳಿದ್ದು ಬರೋಬರಿ ಸಿಸ್ಟರ್ ಎಂದರು. ಆ ಮಾತಿಗೇ ಅರ್ಧ ಜ್ವರ ಇಳಿಯಿತು. ಬಾಗಿಲಲ್ಲಿ ನಿಂತಿದ್ದ ಅವ್ವನಿಗೆ ಹೇಳಿದರು:

"ಸಲ್ಫಾ ಗುಳಿಗಿ ಕೊಡ್ತೇನ್ರಿ ಅವ್ವಾರ. ಆದರ ಇದನ್ನ ತೊಗೊಂಡಾಕಿ ನೀರು ಭಾಳ ಕುಡೀಬೇಕು. ಇಲ್ಲಂದ್ರ ಗುಳಿಗಿ ಕಿಡ್ನಿಯೊಳಗ ಹರಳಾಗಿ ಕೂಡತೈತಿ. ತಿಳೀತಿಲ್ರಿ?"

"ಹೂಂ ರಿ" ಎಂದಳು ಅವ್ವ.

ಆ "ಹೂಂ ರಿ" ನನಗೆ ಗೊತ್ತು. ಎರಡು ವರ್ಷ ಹಳ್ಳಿ ಹಳ್ಳಿಯಲ್ಲಿ ಕೇಳಿದ್ದು ಅದನ್ನೇ.

"ಕೊಡೂದಿಲ್ರಿ ಡಾಕ್ಟರ!" ಎಂದು ಚೀರಿದೆ. "ನಿಮ್ಮ ಕಣ್ಮುಂದಽ ಒಂದು ಚರಗಿ ಕುಡಿಸಿ ಹೋಗ್ರಿ! ನೀವು ಆ ಕಡೆ ಹೋದಕೂಡ್ಲೆ ಕೌದಿ ಹೊಚ್ಚಿ ಕೆಂಡ ಹಾಕತಾರ!"

ಅವ್ವ ಮೆಲ್ಲಗೆ, "ನಿನ್ನಿಯಿಂದ ಹಿಂಗಽ ನೋಡ್ರಿ" ಎಂದಳು. ಡಾಕ್ಟರು ನನ್ನ ಕೆದರಿದ ಕೂದಲು, ಹಣೆಯ ವಿಭೂತಿ, ಬಾಗಿಲ ಬಳಿ ಬಿದ್ದ ವಾಟಿ ಎಲ್ಲ ನೋಡಿದರು. ಚೀಲದಿಂದ ಬ್ರೊಮೈಡ್ ಮಿಕ್ಸ್ಚರ್ ಬಾಟಲಿ ತೆಗೆದು, ಇದನ್ನೂ ಎರಡು ಹೊತ್ತು ಕೊಡಿ, ನಿದ್ದೆ ಬರುತ್ತದೆ ಎಂದರು.

ಬೈಯಬೇಕೆಂದು ಬಾಯಿ ತೆರೆದು ಮುಚ್ಚಿದೆ. ನಾನೂ ಹೀಗೆ ಮಾಡಿದವಳೇ. ಕಳೆದ ಮಳೆಗಾಲದಲ್ಲಿ ಒಂದು ಹಳ್ಳಿಯಲ್ಲಿ ಕೂಗಾಡುತ್ತಿದ್ದ ಬಾಣಂತಿಯ ಕೈಕಾಲು ಹಿಡಿಸಿ ನಿದ್ದೆಯ ಇಂಜೆಕ್ಷನ್ ಕೊಡಿಸಿದ್ದೆ. ಅವಳು ಕೂಗಿ ಕೂಗಿ ಏನು ಕೇಳುತ್ತಿದ್ದಳೆಂದು ಕಿವಿಗೊಟ್ಟಿರಲಿಲ್ಲ. ಆಕೆ ಬದುಕಿಕೊಂಡಳು, ಅದು ಆಕೆಯ ಪುಣ್ಯ. ನನ್ನದೇನೂ ಇಲ್ಲ.

ಗುಳಿಗೆಯನ್ನು ಅವ್ವ ತಪ್ಪದೆ ಕೊಟ್ಟಳು. ಒಂದು ಚಮಚ ತುಪ್ಪದ ಜೊತೆ. ನೀರಿಲ್ಲದೆ ಬೇಡವೆಂದು ಹಲ್ಲು ಕಚ್ಚಿದರೆ, ಹುಸೇನಬಿ ಮೂಗು ಹಿಡಿದಳು. ಬ್ರೊಮೈಡಿನ ಮಂಪರಿನಲ್ಲಿ ಒಂದು ಹಗಲು ಹೋಯಿತು. ಎಂಟನೆಯ ದಿನಕ್ಕೆ ಎದೆಹಾಲು ಬತ್ತಿತು. ಕೂಸು ಬಾಯಿ ಹಚ್ಚುವುದು, ಎಳೆಯುವುದು, ಬಿಟ್ಟು ಅಳುವುದು. ಆ ಮಧ್ಯಾಹ್ನ ಮೂತ್ರಕ್ಕೆ ಕೂತೆ.

ನಾಲ್ಕು ಹನಿ. ಕೆಂಪು.

ಹರಳು ಕಟ್ಟಿದೆ. ಇನ್ನೆರಡು ದಿನ ಹೀಗೇ ಹೋದರೆ ಮೂತ್ರ ಪೂರಾ ನಿಲ್ಲುತ್ತದೆ, ಆಮೇಲೆ ಏನಾಗುತ್ತದೆಂದು ನಾನು ವಾರ್ಡಿನಲ್ಲಿ ನೋಡಿದ್ದೆ. ಮೊದಲ ಸಲ ನನಗೆ ಸಿಟ್ಟು ಬರಲಿಲ್ಲ. ಭಯವಾಯಿತು. ಕೂಗುವ ತ್ರಾಣವೂ ಇರಲಿಲ್ಲ. ಅವ್ವ ಬಂದು ತಲೆದೆಸೆಗೆ ಕೂತು ಹಣೆ ಸವರಿದಳು. ಇಷ್ಟು ದಿನ ಅವಳಿಗೆ ಹೇಳಿದ್ದೇ ಹೇಳಿದ್ದು, ಒಂದು ಮಾತೂ ಕೇಳಿರಲಿಲ್ಲ. ಈಗ ಕೇಳಿದೆ.

"ಯಾಕವ್ವಾ? ನಾ ಇಷ್ಟು ಬೇಡಿಕೊಂಡ್ರೂ ನಿನ್ನ ಕರಳು ಕರಗೂದಿಲ್ಲೇನ?"

ಅವಳು ಹಣೆಯ ಮೇಲಿನ ಕೈ ತೆಗೆದಳು. "ಶಾಂತಾನೂ ಹಿಂಗಽ ಬೇಡಿಕೊಂಡ್ಲು" ಎಂದಳು.

ಶಾಂತಾ ನನ್ನ ಅಕ್ಕ. ನನಗೆ ಹತ್ತು ವರ್ಷವಿದ್ದಾಗ ಇದೇ ಮನೆಯಲ್ಲಿ ಹಡೆದು ತೀರಿಕೊಂಡಳು. ನಾನು ನರ್ಸಾಗಲು ಅವಳೇ ಕಾರಣವೆಂದು ಕಂಡವರಿಗೆಲ್ಲ ಹೇಳುತ್ತೇನೆ. ಕೆಲಸದ ಇಂಟರ್‌ವ್ಯೂನಲ್ಲೂ ಹೇಳಿ ಶಭಾಸ್ ಎನ್ನಿಸಿಕೊಂಡಿದ್ದೆ. ಹೇಗೆ ಸತ್ತಳೆಂದು ಅವ್ವನನ್ನು ಒಮ್ಮೆಯೂ ಕೇಳಿರಲಿಲ್ಲ.

"ಹಿರ್ಯಾರು ಬ್ಯಾಡಂದಿದ್ರು. ಆಕಿ ಕೈ ಮುಗದು ಬೇಡಿದ್ಲು. ನನಗ ತಡೀಲಿಲ್ಲ. ಯಾರೂ ಇಲ್ಲದ್ದು ನೋಡಿ ಒಂದು ಚರಗಿ ಕುಡಿಸಿದೆ. ಮರುದಿನ ಹ್ವಾದ್ಲು. ನಾನಽ ಕೊಂದೆ ಸರೂ. ಯಾರಿಗೂ ಹೇಳಿಲ್ಲ. ಇನ್ನೊಬ್ಬಾಕಿನ್ನ ಕೊಲ್ಲಲೇನು?"

ನನ್ನ ಬಾಯಿಗೆ ಬಂದದ್ದು ನಮ್ಮ ದಿನದ ಕೆಲಸದ ಪ್ರಶ್ನೆಗಳೇ.

"ನೀರು ಕುಡಿಸಿದ್ದು ಎಷ್ಟನೇ ದಿನಕ್ಕ?"

"ಆರನೇ ದಿನಕ್ಕ."

"ಜ್ವರ ಯಾವಾಗ ಬಂದಿತ್ತು?"

"ಮೂರನೇ ದಿನ."

"ಹೊಲಸು ವಾಸನಿ ಇತ್ತೇನು?"

"ಕೋಣ್ಯಾಗ ನಿಲ್ಲಾಕ ಆಗ್ತಿದ್ದಿಲ್ಲವ್ವಾ."

"ಹೊಟ್ಟಿ ಉಬ್ಬಿದ್ದು?"

"ನಾಕನೇ ದಿನಕ್ಕಽ ಉಬ್ಬಿತ್ತು."

"ಅಂದ್ರ ನೀರು ಕುಡಿಯೂಕಿಂತ ಎರಡು ದಿನ ಮೊದಲು."

ಅವ್ವ ನನ್ನನ್ನೇ ನೋಡಿದಳು. ಅವಳ ಬೆರಳು ಸೆರಗಿನ ಅಂಚಿನ ಮೇಲೆ ಒಂದೊಂದೇ ದಿನ ಎಣಿಸುತ್ತಿದ್ದವು. ಮೂರು, ನಾಲ್ಕು, ಐದು, ಆರು. ಮತ್ತೆ ಮೊದಲಿನಿಂದ.

"ಅವ್ವಾ, ಅಕ್ಕನ ಒಳಗ ನಂಜು ಆಗಿತ್ತು. ಹೊಲಸು ಕೈಯಿಂದ ಆಗೂದದು. ಜ್ವರ ಮೊದಲು ಬಂತು. ಜ್ವರ ಬಂದದ್ದಕ್ಕಽ ಆಕಿ ನೀರು ಬೇಡಿದ್ಲು. ನೀನು ಕೊಂದಿಲ್ಲ. ಸಾಯೂ ಹೊತ್ತಿನ್ಯಾಗ ಆಕಿ ಬಾಯಿ ತಂಪು ಮಾಡಿದಿ, ಅಷ್ಟಽ."

ಅವಳು ಎದ್ದು ಹೋದಳು. ಇದೂ ಸನ್ನಿಯ ಮಾತೆಂದು ಹೋದಳೇನೋ ಎಂದುಕೊಂಡೆ. ಅಡಿಗೆಮನೆಯಲ್ಲಿ ಮುಚ್ಚಳದ ಸದ್ದಾಯಿತು. ಕುದಿಸಿ ಆರಿಸಿದ ನೀರಿನ ತಂಬಿಗೆ ತಂದು ನನ್ನ ಬಾಯಿಗೆ ಹಿಡಿದಳು. ಅರ್ಧ ನನ್ನ ಕುತ್ತಿಗೆಗೆ ಚೆಲ್ಲಿತು. ಅರ್ಧ ಕುಡಿದೆ. ಮತ್ತೊಂದು ತಂದಳು. ಮತ್ತೊಂದು. ಬಾಗಿಲಲ್ಲಿ ಹುಸೇನಬಿ ಬಾಯಿಗೆ ಸೆರಗು ಹಿಡಿದು ನಿಂತುಬಿಟ್ಟಿದ್ದಳು. ಅವಳನ್ನು ಅವ್ವ ನೋಡಲೂ ಇಲ್ಲ.

ನಾಲ್ಕನೆಯ ತಂಬಿಗೆ ಕೆಳಗಿಟ್ಟ ಮೇಲೆ ಅವಳಿಗೆ ಸಿಟ್ಟು ಬಂತು. ನನ್ನ ನಾಲ್ಕು ದಿನದ ಸಿಟ್ಟನ್ನೆಲ್ಲ ಒಟ್ಟು ಮಾಡಿದರೂ ಅಷ್ಟಾಗದು.

"ಎರಡು ವರ್ಷಾತು, ಪಟ ಹಿಡಕೊಂಡು ಊರೂರು ತಿರುಗಾಕತ್ತಿ. ಕಂಡ ಕಂಡವರಿಗೆಲ್ಲಾ ಹೇಳಿದಿ. ನನಗೊಂದು ಮಾತು ಯಾಕ ಹೇಳಲಿಲ್ಲ? ಹದಿನಾಕು ವರ್ಷ ನಾ ಒಂದು ತುತ್ತು ಸರಿಯಾಗಿ ಉಂಡಿಲ್ಲ, ಗೊತ್ತೈತೇನ ನಿನಗ?"

ಗೊತ್ತಿರಲಿಲ್ಲ.

ಮರುದಿನ ಡಾಕ್ಟರು ಬಂದು ಮೂತ್ರದ ಪಾತ್ರೆ ನೋಡಿದಾಗ ಅವರ ಮುಖ ಕಪ್ಪಿಟ್ಟಿತು. ಸಲ್ಫಾ ನಿಲ್ಲಿಸಿ ಇಂಜೆಕ್ಷನ್ ಶುರುಮಾಡಿದರು. ನಿಮ್ಮ ಮಾತು ಕೇಳಬೇಕಿತ್ತು ಸಿಸ್ಟರ್ ಎಂದರು. "ಆ ಬ್ರೊಮೈಡ್ ಬಾಟ್ಲಿ ಮೊದಲು ವಾಪಸ್ ತೊಗೊಂಡು ಹೋಗ್ರಿ" ಎಂದೆ. ಕೆಂಪು ಕಡಿಮೆಯಾಗಲು ಮೂರು ದಿನ, ಜ್ವರ ಬಿಡಲು ಐದು ದಿನ ಹಿಡಿಯಿತು. ಹಾಲು ಪೂರಾ ಮರಳಲಿಲ್ಲ. ಕೂಸಿಗೆ ಅರ್ಧ ನನ್ನದು, ಅರ್ಧ ಆಕಳದು. ಈಗ ಎರಡೂವರೆ ತಿಂಗಳಾಗಿದೆ. ಹೆಚ್ಚು ಹೊತ್ತು ನಿಂತರೆ ಬೆನ್ನಿನ ಬಲಗಡೆ ಹಿಡಿಯುತ್ತದೆ. ವಿಜಾಪುರದಲ್ಲಿ ಮತ್ತೊಮ್ಮೆ ಮೂತ್ರಪರೀಕ್ಷೆ ಮಾಡಿಸಬೇಕು. ರಜೆ ಮುಗಿಯುತ್ತ ಬಂದಿದೆ. ಬದುಕಿದ್ದೇನೆ. ಸದ್ಯಕ್ಕೆ ಅಷ್ಟು ಸಾಕು.

ಒಂದೇ ಮಾತನ್ನು ಎರಡನೆಯ ಸಲ ಹೇಳಬೇಕಾದರೆ ನನಗೆ ಮೈ ಉರಿಯುತ್ತದೆ, ನನ್ನ ಜೊತೆ ಕೆಲಸ ಮಾಡಿದವರಿಗೆಲ್ಲ ಗೊತ್ತು. ಅವ್ವ ಮಾತ್ರ ಬಿಡುವುದಿಲ್ಲ. ರೊಟ್ಟಿ ಬಡಿಯುತ್ತ, ಕೂಸಿಗೆ ನೀರೆರೆಯುತ್ತ, ನಡುವೆ ಸುಮ್ಮನಾಗಿ ಕೇಳುತ್ತಾಳೆ.

"ಜ್ವರ ಮೊದಲು, ನೀರು ಆಮ್ಯಾಲ. ಹೌದಲ್ಲ ಸರೂ?"

"ಹೌದವ್ವಾ. ಜ್ವರ ಮೊದಲು."

ಇವತ್ತು ಬೆಳಗಿನಿಂದ ಇದು ಮೂರನೆಯ ಸಲ. ಇನ್ನೂ ಎಷ್ಟು ಸಲ ಕೇಳುತ್ತಾಳೋ ಕೇಳಲಿ.