ಬೆಟ್ಟಕ್ಕೆ ಕಳುಹಿಸಿದ ಕೈಗಳು

ಕೊರೊನಾ ಲಾಕ್‌ಡೌನ್ ಮುಗಿದ ಮರುವರ್ಷ ನಾನು ಚಾಮರಾಜನಗರದಲ್ಲಿ ಕಾರ್ಖಾನೆಗಳ ನಿರೀಕ್ಷಕಿಯಾಗಿದ್ದೆ. ಕೆಲಸಗಾರರ ಮೈಕೈಗೆ ಅಪಾಯವಾಗದಂತೆ ಏರ್ಪಾಡು ಇದೆಯೇ ಎಂದು ನೋಡುವುದು, ಇಲ್ಲದಿದ್ದರೆ ನೋಟಿಸ್ ಕೊಡುವುದು ನನ್ನ ಹೊಣೆ. ಆಗ ಯಾವ ಸಭೆಗೆ ಹೋದರೂ ಕೇಳುತ್ತಿದ್ದುದು ಒಂದೇ ಮಾತು: ಆಹಾರ ಸಂಸ್ಕರಣಾ ಉದ್ಯಮ ದೇಶದ ಆರ್ಥಿಕತೆಗೆ ಆಧಾರ, ಅದು ರೈತರಿಗೆ ಮಾರುಕಟ್ಟೆ, ಹೆಂಗಸರಿಗೆ ಕೆಲಸ, ಸರ್ಕಾರಕ್ಕೆ ವಿದೇಶಿ ವಿನಿಮಯ ತರುತ್ತದೆ. ಮಾತು ಸುಳ್ಳಲ್ಲ. ಆದರೆ ಆ ವಿನಿಮಯ ಯಾರ ಬೆರಳುಗಳ ಮೂಲಕ ಬರುತ್ತದೆ ಎಂಬುದನ್ನು ವೇದಿಕೆಯ ಮೇಲೆ ಯಾರೂ ಹೇಳುತ್ತಿರಲಿಲ್ಲ.

ಬೇಗೂರಿನ ಆಚೆ, ಹೆದ್ದಾರಿಯಿಂದ ತುಸು ಒಳಗೆ, ಮಿಡಿಸೌತೆ ರಫ್ತು ಮಾಡುವ ಕಾರ್ಖಾನೆಯೊಂದಿತ್ತು. ಊರವರ ಬಾಯಲ್ಲಿ ಅದು ಗರ್ಕಿನ್ ಫ್ಯಾಕ್ಟ್ರಿ. ಅಲ್ಲಿ ಹೆಂಗಸರು ಕಾಯಿಗಳನ್ನು ಗಾತ್ರಕ್ಕೆ ತಕ್ಕಂತೆ ವಿಂಗಡಿಸಿ, ಉಪ್ಪುನೀರಿಗೆ ಅಸಿಟಿಕ್ ಆಸಿಡ್ ಬೆರೆಸಿದ ದ್ರಾವಣದಲ್ಲಿ ಅದ್ದಿ ಡ್ರಮ್ಮಿಗೆ ತುಂಬುತ್ತಾರೆ. ದಿನವಿಡೀ ಬರಿಗೈಯನ್ನು ಅದರಲ್ಲಿ ಇಟ್ಟವರಿಗೆ ಚರ್ಮ ಬಿಳಿಚಿ ಸುಲಿಯುತ್ತದೆ, ಉಗುರಿನ ಬುಡ ಕೀವು ಕಟ್ಟುತ್ತದೆ.

ನಾನು ಮುನ್ಸೂಚನೆ ಕೊಡದೆ ತಪಾಸಣೆಗೆ ಹೋದ ದಿನವೇ ವಿದೇಶಿ ಖರೀದಿದಾರರ ಪ್ರತಿನಿಧಿಗಳೂ ಬಂದಿದ್ದರು. ಪ್ರತಿಯೊಬ್ಬಳ ಕೈಯಲ್ಲೂ ಹೊಸ ಕೈಗವಸು. ಮೈಸೂರು ಕಡೆಯ ಮ್ಯಾನೇಜರ್ ವಿನಯದಿಂದ ಎಳನೀರು ಕೊಡಿಸಿದರು. ತಪ್ಪು ಹಿಡಿಯುವಂಥದ್ದು ಏನೂ ಕಾಣದೆ ಹಿಂದಿರುಗಿದೆ.

ಅಂದು ಸಂಜೆ ಗುಂಡ್ಲುಪೇಟೆ ಬಸ್ ನಿಲ್ದಾಣದ ಬಳಿ ಒಂದು ಟೆಂಪೋ ನಿಂತಿತು. ಒಳ್ಳೆಯ ಸೀರೆ ಉಟ್ಟು, ಹೂ ಮುಡಿದ ಹೆಂಗಸರು ನಗುತ್ತ ಇಳಿದರು. ಎಲ್ಲರ ಬೆರಳಿಗೂ ಬಟ್ಟೆ ಸುತ್ತಿತ್ತು. ಕೈಗೆ ಏನಾಯಿತೆಂದು ಕೇಳಿದೆ.

“ಗರ್ಕಿನ್ ಫ್ಯಾಕ್ಟ್ರಿಯೋರು ಕಣವ್ವ,” ಎಂದಳು ಹಿರಿಯಳಾದ ಮಹದೇವಮ್ಮ. “ಫಾರಿನ್ನೋರು ಬರೋ ದಿನ ಕೈ ಕೆಟ್ಟೋರ್ನೆಲ್ಲ ಕಂಪ್ನಿಯೋರೆ ಗೋಪಾಲಸ್ವಾಮಿ ಬೆಟ್ಟಕ್ಕೆ ಕಳುಸ್ತರೆ. ಕೂಲಿನೂ ಕೊಡ್ತರೆ, ಊಟಾನೂ ಆಕುಸ್ತರೆ.” ಪಕ್ಕದಲ್ಲಿದ್ದ ರತ್ನ ಎಂಬ ಎಳೆವಯಸ್ಸಿನವಳ ತಲೆಗೆ ಮೊಟಕಿದಳು. “ಈ ಕಳ್ಳಿ ನೋಡವ್ವ! ಕೈಗೆ ಏನೂ ಆಗಿಲ್ಲ. ಬೆಟ್ಟ ನೋಡ್ಬೇಕು ಅಂತ ಬಟ್ಟೆ ಸುತ್ಕಂಡು ಬಂದವ್ಳೆ.”

“ಸುಮ್ನಿರಕ್ಕ, ಯಾರಾರ ಕೇಳುಸ್ಕಂಡಾರು! ದರ್ಸನ ನಿಮ್ಗೇ ಸಾಕಾ, ನಂಗೆ ಬ್ಯಾಡ್ವ?” ಎಂದಳು ರತ್ನ. ಎಲ್ಲರೂ ನಕ್ಕರು.

ಅವರು ಅದನ್ನು ಕಂಪನಿಯ ಔದಾರ್ಯವೆಂದೇ ನಂಬಿದ್ದರು. ಗಾಯವನ್ನು ವಾಸಿ ಮಾಡುವ ಬದಲು ಗಾಯಗೊಂಡವರನ್ನು ಕಣ್ಮರೆ ಮಾಡುವ ಕ್ರಮ ಅದು, ಅದಕ್ಕೆ ದೇವರ ಹೆಸರು ಬೇರೆ. ಮಹದೇವಮ್ಮನ ಬಟ್ಟೆ ಬಿಚ್ಚಿಸಿ ನೋಡಿದೆ. ಎರಡು ಬೆರಳಲ್ಲಿ ಉಗುರೇ ಇರಲಿಲ್ಲ. ಏನು ಮಾಡಿಸಲಿ ಎಂದು ಕೇಳಿದ್ದಕ್ಕೆ, “ಕೈಗೆ ಆಕ್ಕಳೋ ಗಿಲೋಸು ಕೊಡ್ಸಿ ಸಾಕು. ಕೆಲ್ಸ ಮಾತ್ರ ಓಗ್ಬಾರ್ದು ಕಣವ್ವ, ನಮ್ಮನೆ ಒಲೆ ಉರಿಯಾದೇ ಅದ್ರಲ್ಲಿ,” ಎಂದಳು.

ಯಾರ ಹೆಸರನ್ನೂ ಬರೆಯದೆ ನೋಟಿಸ್ ಕೊಟ್ಟೆ: ಎಲ್ಲರಿಗೂ ಪ್ರತಿದಿನ ಕೈಗವಸು, ಗಾಯಗೊಂಡವರಿಗೆ ಕಂಪನಿಯ ಖರ್ಚಿನಲ್ಲಿ ಚಿಕಿತ್ಸೆ.

ಕೆಲವೇ ದಿನಗಳಲ್ಲಿ ಮ್ಯಾನೇಜರ್ ಖುದ್ದಾಗಿ ಕಚೇರಿಗೆ ಬಂದರು. ಕೈಗವಸಿನ ಪೆಟ್ಟಿಗೆಗಳು ಬಂದಿವೆ ಎಂದರು. ಆಮೇಲೆ ಅದೇ ವಿನಯದಿಂದ, “ಗಾಯಗೊಂಡವರಿದ್ದಾರೆ ಅಂತ ತಾವೇ ಬರೆದಿದ್ದೀರಿ ಮೇಡಂ. ಆಹಾರ ಸುರಕ್ಷತಾ ನಿಯಮದ ಪ್ರಕಾರ ತೆರೆದ ಗಾಯ ಇರುವವರು ಆಹಾರ ಮುಟ್ಟುವಂತಿಲ್ಲ. ಹಾಗಾಗಿ ಅವರಿಗೆ ಬರಬೇಡಿ ಅಂತ ಹೇಳಿದ್ದೇವೆ,” ಎಂದರು.

“ಗಾಯಗೊಂಡವರು ಯಾರೆಂದು ಹೇಗೆ ಗುರುತಿಸಿದಿರಿ?”

“ಬೆಟ್ಟಕ್ಕೆ ಹೋದವರೇ ಅಲ್ಲವೇ?”

ಅವರ ಹಿಂದೆಯೇ ಕಾರ್ಖಾನೆಗೆ ಹೋದೆ. ಹೆಂಗಸರು ಗೇಟಿನ ಹೊರಗೆ ಬಿಸಿಲಲ್ಲಿ ನಿಂತಿದ್ದರು. ರತ್ನ ಸರಳುಗಳ ನಡುವೆ ಎರಡೂ ಕೈ ತೂರಿಸಿ ಬೆರಳು ಬಿಡಿಸಿ ತೋರಿಸಿದಳು. “ಸಾರ್, ನೋಡಿ ಸಾರ್, ಒಂದು ಗಾಯಾನೂ ಇಲ್ಲ. ಬೆಟ್ಟ ನೋಡೋ ಆಸೆಗೆ ಸುಳ್ಳೇಳ್ಬುಟ್ಟೆ.”

ಮ್ಯಾನೇಜರ್ ಬಗ್ಗಿ ಆ ಬೆರಳುಗಳನ್ನು ನಿಧಾನವಾಗಿ ನೋಡಿದರು. “ಹೌದಲ್ಲ, ಚೆನ್ನಾಗಿವೆ. ಸುಳ್ಳು ಹೇಳಿ ಕೂಲಿ ತಗೊಂಡೆಯಾ? ಹಾಗಾದರೆ ನೀನು ಗಾಯಕ್ಕಲ್ಲ, ಮೋಸಕ್ಕೆ ಹೊರಗೆ.” ಕಾವಲುಗಾರ ಕಿಸಕ್ಕನೆ ನಕ್ಕ. ರತ್ನ ಕೈ ಹಿಂದಕ್ಕೆ ಎಳೆದುಕೊಂಡಳು.

ಗಾಯ ಆದದ್ದು ನಿಮ್ಮ ಆಸಿಡ್ಡಿನಿಂದ, ವಾಸಿಯಾಗುವವರೆಗೆ ಲೇಬಲ್ ಹಚ್ಚುವ ಕೆಲಸವನ್ನಾದರೂ ಕೊಡಿ ಎಂದು ವಾದಿಸಿದೆ. ಅವರು ಗುತ್ತಿಗೆದಾರನ ಜನ, ನಮ್ಮವರಲ್ಲ ಎಂಬ ಉತ್ತರ ಬಂತು. ಟೆಂಪೋ ಹತ್ತಿಸುವಾಗ ನಿಮ್ಮವರಾಗಿದ್ದರಲ್ಲ ಎಂದೆ. ಮ್ಯಾನೇಜರ್ ಗಡಿಯಾರ ನೋಡಿಕೊಂಡರು.

ಮಹದೇವಮ್ಮ ನನ್ನ ಮೇಲೆ ರೇಗಲಿಲ್ಲ. “ನೀವ್ ಬರೀದೆ ಇದ್ದಿದ್ರೆ ಕೈ ಒಂದೇ ಓಗ್ತಿತ್ತು ಕಣವ್ವ,” ಎಂದಳು.

ಕಾರ್ಮಿಕ ಇಲಾಖೆಗೆ ಅವಳಿಂದಲೇ ದೂರು ಕೊಡಿಸಿದೆ. ವಿಚಾರಣೆ ಎರಡು ಸಲ ಮುಂದಕ್ಕೆ ಹೋಯಿತು. ಮೂರನೆಯ ಸಲ ಗುತ್ತಿಗೆದಾರನ ವಕೀಲರು ಬಂದರು, ಮಹದೇವಮ್ಮ ಬರಲಿಲ್ಲ. ರತ್ನ ಒಬ್ಬಳೇ ಬೇಗೂರಿನಿಂದ ಬಸ್ಸು ಹತ್ತಿ ಬಂದಿದ್ದಳು. “ಮಾದೇವಕ್ಕ ಕೇರಳಕ್ಕೆ ಓಗವ್ಳೆ, ಸುಂಠಿ ತೊಳ್ಯಾಕೆ. ದಿನಾ ನೀರಲ್ಲೇ ಕೈಯಂತೆ,” ಎಂದಳು. ದೂರುದಾರಳು ಗೈರು ಎಂಬ ಕಾರಣಕ್ಕೆ ಪ್ರಕರಣ ಮುಗಿಯಿತು. ಕಾರ್ಖಾನೆಯಲ್ಲಿ ಬೇರೆ ಊರಿನ ಹೆಂಗಸರು ಕೆಲಸಕ್ಕೆ ಸೇರಿದ್ದರು, ಇನ್ನೂ ನೆಟ್ಟಗಿರುವ ಬೆರಳಿನವರು.

ತಿನ್ನುವವರ ಆರೋಗ್ಯಕ್ಕಾಗಿ ಮಾಡಿದ ನಿಯಮ ಸರಿಯಾದದ್ದೇ. ದುಡಿಯುವವರನ್ನು ಹೊರದಬ್ಬಲು ಅದನ್ನು ಬಳಸಿದ್ದು ಅನ್ಯಾಯ. ಹಾಗೆ ಬಳಸಲು ಎಡೆಮಾಡಿಕೊಟ್ಟ ಕಾನೂನಿನದು ಇನ್ನೂ ದೊಡ್ಡ ಅನ್ಯಾಯ. ಅಪಾಯವನ್ನು ತೆಗೆಯಿರಿ ಎಂದರೆ ಮಾಲೀಕರು ಅಪಾಯಕ್ಕೆ ಸಿಕ್ಕವರನ್ನು ತೆಗೆಯುತ್ತಾರೆ ಎಂಬುದನ್ನು ನನಗೆ ಕಲಿಸಿದ್ದು ಈ ಪ್ರಕರಣ. ನಿವೃತ್ತಿಯವರೆಗೆ ನಾನು ಕೊಟ್ಟ ಪ್ರತಿ ನೋಟಿಸಿನ ಮೊದಲ ಸಾಲು ಒಂದೇ ಆಗಿತ್ತು: ಗಾಯಗೊಂಡ ಯಾರನ್ನೂ ಕೆಲಸದಿಂದ ಬಿಡಿಸತಕ್ಕದ್ದಲ್ಲ. ಕೈಗವಸಿನ ಮಾತು ಎರಡನೆಯ ಸಾಲಿನಲ್ಲಿ ಬರುತ್ತಿತ್ತು.