ಒಂದೇ ಬೆಳಿಗ್ಗೆ ಎರಡು ಸಲ ದೋಣಿ ಹತ್ತಿದ್ದು

"ಮಾಷ್ಟ್ರೆ, ಈಗಷ್ಟೇ ಇಳಿದದ್ದಲ್ವಾ? ಪುನಃ ಹತ್ತಿದ್ದು ಎಂತಕ್ಕೆ?" ಕುಮಾರಧಾರೆಯಲ್ಲಿ ದೋಣಿ ನಡೆಸುವ ಇದ್ದಿನಬ್ಬ ಕೇಳಿದ.

"ಶಾಲೆಗೆ ಹೋಗಲಿಕ್ಕೆ."

"ಶಾಲೆ ನಿಮ್ಮ ಬೆನ್ನ ಹಿಂದೆ ಉಂಟು ಮಾರಾಯ್ರೆ!"

ಮದ್ರಾಸಿನಲ್ಲಿ ವಿಜ್ಞಾನ ಓದಿ ಬಂದ ನಾನು ಸಾಕ್ಷಿಯಿಲ್ಲದೆ ಏನನ್ನೂ ನಂಬುವವನಲ್ಲ. ಹೊಳೆ ದಾಟಿದ ನೆನಪೇ ಇರಲಿಲ್ಲವಾದ್ದರಿಂದ ವಾದಕ್ಕೆ ನಿಂತೆ. ಅಷ್ಟರಲ್ಲಿ ಹಿಂದಿನಿಂದ ಶಾಲೆಯ ಗಂಟೆ ಕೇಳಿಸಿತು. ಮನೆಯಲ್ಲಿ ಎಳೆಗೂಸಿನ ಅಳು; ತಿಂಗಳಿನಿಂದ ನಾನು ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಅಂದು ಮೊದಲ ಪೀರಿಯಡು ನನಗೆ ಬಿಡುವಿತ್ತು; ಎರಡನೆಯದಕ್ಕೆ ಇನ್‌ಸ್ಪೆಕ್ಟರು ನನ್ನ ಪಾಠ ನೋಡಲು ಬರುವವರಿದ್ದರು. ಕೆಲಸ ಖಾಯಂ ಆಗುವುದು ಅವರ ಮಾತಿನ ಮೇಲೆ ನಿಂತಿತ್ತು.

ಇದನ್ನೆಲ್ಲ ಹೇಳಿದಾಗ ಇದ್ದಿನಬ್ಬ ನಕ್ಕ. "ಅವರು ಬರುದೂ ನನ್ನ ದೋಣಿಯಲ್ಲೇ ಅಲ್ವಾ? ನೀವು ಆ ಮರದಡಿ ಸ್ವಲ್ಪ ಮಲಗಿ. ದೋಣಿಯೊಳಗೆ ನೀರು ಉಂಟು, ಅದನ್ನು ಎತ್ತಿ ಹಾಕುವಾಗ ನನಗೂ ತಡ ಆಗ್ತದೆ."

ಸತ್ತಂತೆ ಮಲಗಿದೆ. ಇನ್‌ಸ್ಪೆಕ್ಟರು ಮುಕ್ಕಾಲು ಗಂಟೆ ತಡವಾಗಿ, ಬೆವರೊರೆಸುತ್ತ ಬಂದರು. ಪಾಠ ಚೆನ್ನಾಗಿಯೇ ಆಯಿತು.

ಕೆಲಸವೂ ಖಾಯಂ ಆಯಿತು. ಆದರೆ ನಾನು ಮಲಗಿದ್ದಾಗ ಆಚೆ ದಡದಿಂದ ಯಾರೋ "ಓ ದೋಣೀ" ಎಂದು ಕೂಗಿ ಕೂಗಿ ಸೋತದ್ದು ನಿಜವೋ ಕನಸೋ, ಗೊತ್ತಿಲ್ಲ. ಇದ್ದಿನಬ್ಬನಲ್ಲಿ ವಿಚಾರಿಸಲು ಹೋಗಲಿಲ್ಲ.